ಮೈಕೊಬ್ಬು ಮತ್ತು ಹಾಸಿಗೆ ಹುಣ್ಣು: ಒಂದೂವರೆ ಶತಮಾನದ ಹುಡುಕಾಟ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮನೆಯ ಹಿರಿಯರು ಹಾಸಿಗೆ ಹಿಡಿದರೆ ನೋಡಲು ಬಂದವರು ಉಂಡದ್ದನ್ನು ವಿಚಾರಿಸುತ್ತಾರೆ, ಆಮೇಲೆ ದನಿ ತಗ್ಗಿಸಿ ಬೆನ್ನಿನ ಬಗ್ಗೆ ಕೇಳುತ್ತಾರೆ. ಹುಣ್ಣಿಲ್ಲ ಎಂದರೆ, ‘ಮೈ ತುಂಬಿಕೊಂಡಿದ್ದಾರಲ್ಲ, ಹಾಗಾಗಿ’ ಎಂಬ ಸಮಾಧಾನವೂ ಬರುತ್ತದೆ. ಕೊಬ್ಬು ಮೆತ್ತೆಯಂತೆ ಕಾಯುತ್ತದೆ ಎಂಬ ಈ ನಂಬಿಕೆಯನ್ನು ವೈದ್ಯಲೋಕ ಪರೀಕ್ಷೆಗೆ ಒಡ್ಡಿದ್ದು ತೀರ ತಡವಾಗಿ.

ಮೊದಲ ಜಗಳ ಕೊಬ್ಬಿನದ್ದಾಗಿರಲೇ ಇಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಪ್ಯಾರಿಸ್ಸಿನ ನರವೈದ್ಯ ಶಾರ್ಕೋ, ನರಕ್ಕೆ ಪೆಟ್ಟಾದರೆ ಚರ್ಮ ತಾನಾಗಿ ಸಾಯುತ್ತದೆ ಎಂದು ನಂಬಿದ್ದರು. ಲಂಡನ್ನಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ 1873ರಲ್ಲಿ ಒತ್ತಡವೇ ಕಾರಣ ಎಂದರು. ಶಾರ್ಕೋ ಮಾತು ಹಿಡಿದವರಿಗೆ ಹುಣ್ಣು ಹಣೆಬರಹ. ಪ್ಯಾಜೆಟ್ ಮಾತು ಹಿಡಿದವರಿಗೆ ಕೈಯಲ್ಲಿ ಮಾಡುವ ಕೆಲಸವಿತ್ತು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಬೆನ್ನುಹುರಿ ಗಾಯಾಳುಗಳ ವಿಭಾಗ ತೆರೆದ ಲುಡ್ವಿಗ್ ಗುಟ್‌ಮನ್, ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಶಿಸ್ತನ್ನೇ ಹೇರಿದರು. 1959ರಲ್ಲಿ ಸಂಶೋಧಕ ಕೋಸಿಯಾಕ್ ನಾಯಿಗಳ ಮೇಲೆ ಮಾಡಿದ ಪ್ರಯೋಗ ಇದಕ್ಕೆ ಲೆಕ್ಕ ಕೊಟ್ಟಿತು: ಸ್ವಲ್ಪ ಒತ್ತಡ ಬಹಳ ಹೊತ್ತು ಇದ್ದರೂ, ಹೆಚ್ಚು ಒತ್ತಡ ಕೊಂಚ ಹೊತ್ತು ಇದ್ದರೂ ಹಾನಿ ಹಾನಿಯೇ.

ಮೈಕಟ್ಟು ಅಂಕಪಟ್ಟಿಗೆ ಹತ್ತಿದ್ದು ಇನ್ನೂ ನಿಧಾನ. ಯಾರಿಗೆ ಹುಣ್ಣಾದೀತು ಎಂದು ಅಂಕ ಹಾಕುವ 1962ರ ನಾರ್ಟನ್ ಮಾಪಕದಲ್ಲಿ ಚಲನೆ, ಪ್ರಜ್ಞೆ, ಮಲಮೂತ್ರದ ಹಿಡಿತ ಇದ್ದವು; ತೂಕಕ್ಕೆ ಬೇರೆ ಅಂಕವಿರಲಿಲ್ಲ. 1985ರಲ್ಲಿ ಬಂದ ವಾಟರ್‌ಲೋ ಮಾಪಕ ದಪ್ಪಗಿದ್ದವರಿಗೆ ಅಪಾಯದ 1 ಅಂಕ, ಬೊಜ್ಜಿನವರಿಗೆ 2, ಸೊರಗಿದವರಿಗೆ 3 ಕೊಟ್ಟಿತು. ಅಪಾಯ ಎರಡೂ ತುದಿಯಲ್ಲಿದೆ, ತೆಳ್ಳಗಿನ ಕಡೆ ಹೆಚ್ಚು ಎಂಬುದು ಆ ಅಂಕಗಳ ಅರ್ಥ. 1987ರ ಬ್ರೇಡನ್ ಮಾಪಕ ತೂಕವನ್ನು ಬಿಟ್ಟು ಪೌಷ್ಟಿಕತೆಯನ್ನು ಕೇಳಿತು.

ಆಸ್ಪತ್ರೆ ಸೇರಿದ ಮೂರು ಸಾವಿರಕ್ಕೂ ಹೆಚ್ಚು ಅಮೆರಿಕನ್ ವೃದ್ಧರ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೊಜ್ಜಿನವರಿಗೆ ಹುಣ್ಣು ಕಡಿಮೆ ಎಂದು ತೋರಿಸಿತು. ನಮ್ಮೂರಿನ ಸಮಾಧಾನದ ಮಾತು ಗೆದ್ದಂತಾಯಿತು. ಆದರೆ 2010ರಲ್ಲಿ ಇಸ್ರೇಲಿನ ಅಮಿತ್ ಗೆಫೆನ್ ಮತ್ತು ಸಂಗಡಿಗರು ಗಣಕದ ಮಾದರಿಯಲ್ಲಿ, ಕುಳಿತಾಗ ಕುಂಡಿಯ ಎಲುಬಿನಡಿ ಸ್ನಾಯು ಎಷ್ಟು ನಜ್ಜಾಗುತ್ತದೆ ಎಂದು ನೋಡಿದರು. ತೀರ ತೆಳ್ಳಗಿನವರಲ್ಲೂ ತೀರ ದಪ್ಪದವರಲ್ಲೂ ಅದು ಹೆಚ್ಚಿತ್ತು. ಮೆತ್ತೆ ದಪ್ಪವಾದಷ್ಟೂ ಮೇಲಿನ ಭಾರವೂ ಏರುತ್ತದಲ್ಲ! ಅದೂ ಅಲ್ಲದೆ ಕೊಬ್ಬಿಗೆ ರಕ್ತದ ಪೂರೈಕೆ ಕಡಿಮೆ. ಸತ್ತರೆ ಬೇಗ ಚಿಗುರುವುದಿಲ್ಲ. 1981ರಲ್ಲಿ ಸಂಶೋಧಕ ಡೇನಿಯಲ್ ಹಂದಿಗಳಲ್ಲಿ ಕಂಡಂತೆ ಒತ್ತಡಕ್ಕೆ ಮೊದಲು ಸಾಯುವುದು ಒಳಗಿನ ಸ್ನಾಯು, ಚರ್ಮ ಆಮೇಲೆ.

ಇಲ್ಲಿಂದ ಮುಂದಿನದು ನನ್ನ ತರ್ಕ. ಈ ಮಾಪಕಗಳೆಲ್ಲ ಪಾಶ್ಚಾತ್ಯ ವಾರ್ಡುಗಳ ಮೈಯನ್ನು ಅಳೆದು ಹುಟ್ಟಿದವು. ಪುಣೆಯ ಡಾ. ಯಾಜ್ನಿಕ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಮೈಯನ್ನು ಇಂಗ್ಲೆಂಡಿನ ಯುಡ್ಕಿನ್ ಅವರ ಮೈ ಜೊತೆ ಇಟ್ಟು ತೋರಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 22.3, ಕೊಬ್ಬು ಮಾತ್ರ ಒಬ್ಬರಲ್ಲಿ ಶೇ. 9.1, ಯಾಜ್ನಿಕ್ ಅವರಲ್ಲಿ ಶೇ. 21.2. ನಮ್ಮವರ ಕೊಬ್ಬು ಹೊಟ್ಟೆಯಲ್ಲಿ ಕೂತುಕೊಳ್ಳುವುದು ಹೆಚ್ಚು. ಅಂಗಾತ ಮಲಗಿದವರ ಹೊಟ್ಟೆಯ ಕೊಬ್ಬು ಬೆನ್ನಡಿಯ ತ್ರಿಕಾಸ್ಥಿಗೆ, ಹಿಮ್ಮಡಿಗೆ ಯಾವ ಮೆತ್ತೆಯನ್ನೂ ಕೊಡದು. ತೂಕದ ಯಂತ್ರಕ್ಕೆ ‘ಸಾಮಾನ್ಯ’ ಎನಿಸಿದ ಅಜ್ಜಿಯ ಸೊಂಟದಲ್ಲಿ ಚರ್ಮಕ್ಕೂ ಎಲುಬಿಗೂ ನಡುವೆ ಏನಿದೆ ಎಂದು ಬೆರಳಿಟ್ಟು ನೋಡುವುದು ಲೇಸು. ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರಲ್ಲಂತೂ ಪೃಷ್ಠದ ಸ್ನಾಯು ಕರಗಿ ಅದರ ಜಾಗದಲ್ಲಿ ಕೊಬ್ಬು ತುಂಬುತ್ತದೆ. ಹೊರಗಿನಿಂದ ಮೈ ತುಂಬಿದಂತೆ ಕಂಡೀತು.

ಕರಾವಳಿಯ ಹವೆ ಈ ಗಾಯಕ್ಕೆ ಉಪ್ಪು ಸುರಿಯುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಲ್ಲಿ ರಬ್ಬರ್ ಶೀಟಿನ ಮೇಲೆ ಬೆವರಿದ ಚರ್ಮ ಬೇಗ ಮೆತ್ತಗಾಗುತ್ತದೆ, ದಪ್ಪ ಮೈಯ ಮಡಿಕೆಗಳಲ್ಲಿ ಇನ್ನೂ ಬೇಗ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಯಷ್ಟೇ ಸಾಕೆಂದು ಮೀನು, ಮೊಟ್ಟೆ, ಹಾಲು ಬಿಡಿಸುವುದೂ ಉಂಟು. 2019ರ ಅಂತಾರಾಷ್ಟ್ರೀಯ ಮಾರ್ಗಸೂಚಿ, ಹುಣ್ಣಾಗಿ ಪೋಷಣೆ ಕುಸಿದವರಿಗೆ ದಿನಕ್ಕೆ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಕೊಡಿ ಎನ್ನುತ್ತದೆ. 50 ಕಿಲೋದವರಿಗೆ 60 ಗ್ರಾಂ ಕನಿಷ್ಠ. ಗಂಜಿಯಿಂದ ಅದು ದಕ್ಕದು. ನಡುವೆ ತೂತಿರುವ ಗಾಳಿ ರಿಂಗು ಬೇಡ, ಕೆಂಪಾದ ಜಾಗ ತಿಕ್ಕಬೇಡಿ ಎಂಬುದೂ ಅದೇ ಮಾರ್ಗಸೂಚಿಯ ಮಾತು. ಕಪ್ಪು ಚರ್ಮದಲ್ಲಿ ಕೆಂಪು ಕಾಣದು. ಕೈಯಿಟ್ಟು ಬಿಸಿ, ಗಡಸು ನೋಡಬೇಕು.

ಮಕ್ಕಳು ಬೆಂಗಳೂರು, ಮುಂಬೈ, ದುಬೈ ಸೇರಿದ ಮನೆಯಲ್ಲಿ ಎಂಬತ್ತು ಕಿಲೋದ ಮಾವನನ್ನು ನಲವತ್ತೈದು ಕಿಲೋದ ಸೊಸೆ ರಾತ್ರಿ ಎರಡಕ್ಕೆ, ನಾಲ್ಕಕ್ಕೆ ಎದ್ದು ಮಗುಚಬೇಕು. ಒಬ್ಬಳೇ ಎಳೆದರೆ ಚರ್ಮ ಹಾಸಿಗೆಗೆ ಉಜ್ಜಿ ಜಾರುತ್ತದೆ, ಒಳಗಿನ ಪದರಗಳು ಒಂದರಿಂದೊಂದು ಹರಿದುಕೊಳ್ಳುತ್ತವೆ. ಹಳೇ ಪಂಚೆಯೊಂದನ್ನು ಬೆನ್ನಡಿ ಹಾಸಿ ಎರಡು ಬದಿಯಿಂದ ಇಬ್ಬರು ಹಿಡಿದೆತ್ತಿದರೆ ಅದು ತಪ್ಪುತ್ತದೆ. ಎರಡನೇ ಜೊತೆ ಕೈ ಬರಬೇಕಾದ್ದು ಆಚೆಮನೆಯಿಂದ.