ಫರೀದಾಬಾದ್‌ನ ಒಂದು ಆಸ್ಪತ್ರೆಯ ಹೆಸರು

ದೇಶ ವಿಭಜನೆಯ ಇತಿಹಾಸವನ್ನು ನಾವು ಹೆಚ್ಚಾಗಿ ಕೊಲೆ, ಲೂಟಿಗಳ ಲೆಕ್ಕವಾಗಿಯೇ ಓದಿದ್ದೇವೆ. ಮನೆಮಠ ಬಿಟ್ಟು ಓಡಿ ಬಂದವರಿಗೆ ಸರಕಾರ ಏನು ಕೊಟ್ಟಿತು, ಅದನ್ನು ಅವರು ಯಾವ ಮನಸ್ಸಿನಿಂದ ಪಡೆದರು ಎಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಬರುವುದಿಲ್ಲ.

ವಾಯವ್ಯ ಗಡಿ ಪ್ರಾಂತ್ಯದಿಂದ ಬಂದ ಸಾವಿರಾರು ಹಿಂದೂ, ಸಿಖ್ ಕುಟುಂಬಗಳು ಕುರುಕ್ಷೇತ್ರದ ಡೇರೆಗಳಲ್ಲಿ ಸರಕಾರದ ಪಡಿತರ ತಿಂದು ದಿನ ದೂಡುತ್ತಿದ್ದವು. ಇವರಲ್ಲಿ ಖಾನ್ ಅಬ್ದುಲ್ ಗಫಾರ್ ಖಾನರ ಖುದಾಯಿ ಖಿದ್ಮತ್‌ಗಾರ್ ಚಳವಳಿಯಲ್ಲಿ ದುಡಿದವರೂ ಇದ್ದರು. 1949ರಲ್ಲಿ ದಿಲ್ಲಿಯ ಸಮೀಪದ ಫರೀದಾಬಾದ್‌ನಲ್ಲಿ ಇಂತಹ ಸುಮಾರು 30,000 ಜನರಿಗಾಗಿ ಹೊಸ ಪಟ್ಟಣ ಕಟ್ಟುವ ಕೆಲಸ ಆರಂಭವಾಯಿತು. ಮನೆಗಳನ್ನು ಲೋಕೋಪಯೋಗಿ ಇಲಾಖೆ ಗುತ್ತಿಗೆದಾರರಿಂದ ಕಟ್ಟಿಸುವುದು ರೂಢಿ. ನಿರಾಶ್ರಿತರು ಒಪ್ಪಲಿಲ್ಲ. ನಮ್ಮ ಮನೆಗಳನ್ನು ನಾವೇ ಕಟ್ಟುತ್ತೇವೆ, ಕೂಲಿ ನಮಗೇ ಸಿಗಲಿ ಎಂದರು. ಇಲಾಖೆಯ ಅಧಿಕಾರಿಗಳಿಗೆ ಇದು ಹಿಡಿಸಲಿಲ್ಲ. (ನಿಯಮ ತೋರಿಸುವುದರಲ್ಲಿ ನಮ್ಮ ಕಚೇರಿಗಳು ಅಂದೂ ಹಿಂದೆ ಬಿದ್ದಿರಲಿಲ್ಲ!) ಆದರೆ ನಿರಾಶ್ರಿತರ ಬೆನ್ನಿಗೆ ಭಾರತೀಯ ಸಹಕಾರಿ ಒಕ್ಕೂಟವಿತ್ತು. 1948ರಲ್ಲಿ ಅದನ್ನು ಹುಟ್ಟುಹಾಕಿದವರು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಅಭಿವೃದ್ಧಿ ಮಂಡಳಿಯ ಸಭೆಗಳಿಗೆ ಪ್ರಧಾನಿ ನೆಹರೂ ತಾವೇ ಬಂದು ಕೂರುತ್ತಿದ್ದರು. ಕೊನೆಗೆ ನಿರಾಶ್ರಿತರ ಮಾತೇ ನಡೆಯಿತು. ಅಂಗಡಿಯ ಗಲ್ಲದ ಮೇಲೆ ಕೂತು ಬದುಕಿದ್ದವರೂ ಇಟ್ಟಿಗೆ ಹೊತ್ತರು.

ಅದೇ ಸರಕಾರದ ಇನ್ನೊಂದು ಮುಖವನ್ನೂ ನಾವು ಮರೆಯಬಾರದು. 1947ರ ಸೆಪ್ಟೆಂಬರ್‌ನಲ್ಲಿ ದಿಲ್ಲಿಯ ಮುಸ್ಲಿಮರು ತಮ್ಮದೇ ಊರಿನಲ್ಲಿ ನಿರಾಶ್ರಿತರಾಗಿ ಪುರಾನಾ ಕಿಲಾದಲ್ಲಿ ಆಶ್ರಯ ಪಡೆದಾಗ, ಅವರ ಹೊಣೆ ಯಾರದೆಂಬುದೇ ಆರಂಭದಲ್ಲಿ ಪ್ರಶ್ನೆಯಾಗಿತ್ತು. ಅವರು ಪಾಕಿಸ್ತಾನಕ್ಕೆ ಹೋಗುವವರೆಂದೇ ಭಾವಿಸಲಾಗಿತ್ತು. ಹೊರಡಬೇಕೋ ಉಳಿಯಬೇಕೋ ಎಂದು ಅವರಲ್ಲಿ ಹಲವರು ಇನ್ನೂ ತೀರ್ಮಾನಿಸಿಯೇ ಇರಲಿಲ್ಲ.

ಫರೀದಾಬಾದ್‌ನ ನಿರಾಶ್ರಿತರು ತಮ್ಮ ದುಡಿಮೆಯಿಂದ ಒಂದು ಆಸ್ಪತ್ರೆಯನ್ನೂ ಕಟ್ಟಿದರು. 1951ರಲ್ಲಿ ನೆಹರೂ ಅದನ್ನು ಉದ್ಘಾಟಿಸಿದರು. ಅದಕ್ಕೆ ಇಟ್ಟ ಹೆಸರು ಬಾದಶಾ ಖಾನ್ ಆಸ್ಪತ್ರೆ. ಗಫಾರ್ ಖಾನರು ಆಗ ಪಾಕಿಸ್ತಾನದ ಸೆರೆಮನೆಯಲ್ಲಿದ್ದರು. ಗಲಭೆಗೆ ಬೆದರಿ ಊರು ಬಿಟ್ಟು ಬಂದ ಹಿಂದೂಗಳು, ಸಿಖ್ಖರು ಆ ಊರಿನ ಒಬ್ಬ ಮುಸ್ಲಿಂ ನಾಯಕನ ಹೆಸರನ್ನು ತಮ್ಮ ಆಸ್ಪತ್ರೆಯ ಬಾಗಿಲಲ್ಲಿ ಬರೆದರು.

2020ರ ಡಿಸೆಂಬರ್‌ನಲ್ಲಿ ಹರಿಯಾಣ ಸರಕಾರ ಆ ಹೆಸರನ್ನು ತೆಗೆದು ಅಟಲ್ ಬಿಹಾರಿ ವಾಜಪೇಯಿಯವರ ಹೆಸರಿಟ್ಟಿತು. ಆಕ್ಷೇಪಿಸಿದವರಲ್ಲಿ ಆ ನಿರಾಶ್ರಿತರ ಮಕ್ಕಳು, ಮೊಮ್ಮಕ್ಕಳಿದ್ದರು. ಊರಿನ ಜನರ ಬಾಯಲ್ಲಿ ಮಾತ್ರ ಅದು ಬಿ.ಕೆ. ಆಸ್ಪತ್ರೆಯಾಗಿಯೇ ಉಳಿದಿದೆ.