ಖಡಕಿಯ ನೆಲದಡಿಯ ನೀರು

ನಾಸಿಕಕ್ಕೆ ಹೋದವರು ಪಂಚವಟಿ, ತ್ರ್ಯಂಬಕೇಶ್ವರ ಬಿಡುವುದಿಲ್ಲ. ಛತ್ರಪತಿ ಸಂಭಾಜಿನಗರಕ್ಕೆ ಹೋದವರು ಎಲ್ಲೋರ, ಅಜಂತಾ ಬಿಡುವುದಿಲ್ಲ. ಅವೆಲ್ಲ ನಮ್ಮ ಮಕ್ಕಳು ಸಣ್ಣವರಿದ್ದಾಗಲೇ ನೋಡಿ ಆಗಿದ್ದವು. ಈ ಸಲ ನಮ್ಮವರಿಗೂ ನನಗೂ ಯಾವ ಗಡಿಬಿಡಿಯೂ ಇರಲಿಲ್ಲ. ಅವರು ಕುಡಿಯುವ ನೀರಿನ ಇಂಜಿನಿಯರಾಗಿ ನಿವೃತ್ತರಾದವರು, ನಾನು ಬೀದರ್‌ನಲ್ಲಿ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಹೇಳಿದವಳು. ಹೀಗಾಗಿ ಎರಡೂ ಊರುಗಳಲ್ಲಿ ನಾವು ನೀರಿನ ಬೆನ್ನು ಹತ್ತಿದೆವು.

ನಾಸಿಕದ ಹಳೇ ಊರಿನವರಿಗೆ ಗೋದಾವರಿ ಎಂದರೆ ಗಂಗಾ. ಘಾಟಿನಿಂದ ಮೇಲೆ ಹತ್ತಿದರೆ ಪಾತ್ರೆ ಅಂಗಡಿಗಳ ಬಜಾರ. ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ನಾಸಿಕ ಬಹಳ ಹಿಂದಿನಿಂದ ಹೆಸರಾದ ಊರು. ಬಡಿದು ಬಡಿದು ತಂಬಿಗೆ, ಹಂಡೆ ಎಬ್ಬಿಸುವ ತಾಂಬಟರದೇ ಓಣಿ ಇತ್ತು. ಯಾತ್ರಿಕರು ನದಿಯ ನೀರನ್ನು ಊರಿಗೆ ಒಯ್ಯಬೇಕಲ್ಲ, ಆ ಕಸುಬು ಬೆಳೆದದ್ದರಲ್ಲಿ ಅವರ ಪಾಲೂ ಇದೆ. ನಾನು ಒಂದು ತಾಮ್ರದ ತಂಬಿಗೆ ಕೊಂಡೆ. ಮೈತುಂಬ ಸುತ್ತಿಗೆಯ ಏಟಿನ ಸಣ್ಣ ಸಣ್ಣ ತಗ್ಗು. ಕೈಗೆ ಹಿಡಿದರೆ ಜಾರುವುದಿಲ್ಲ.

ಸಂಭಾಜಿನಗರದ್ದು ಬೇರೆಯೇ ಕತೆ. ಅಲ್ಲಿ ಗೋದಾವರಿ ಊರೊಳಗೆ ಹರಿಯುವುದಿಲ್ಲ, ಇರುವುದು ಖಾಮ್ ಎಂಬ ಸಣ್ಣ ಹೊಳೆ. ಅಂಥ ಕಲ್ಲುನೆಲದಲ್ಲಿ 1610ರಲ್ಲಿ ರಾಜಧಾನಿ ಕಟ್ಟಿದವನು ಮಲಿಕ್ ಅಂಬರ್. ಇಥಿಯೋಪಿಯಾದಲ್ಲಿ ಹುಟ್ಟಿ, ಹುಡುಗನಿದ್ದಾಗಲೇ ಗುಲಾಮನಾಗಿ ಮಾರಾಟವಾಗಿ, ದಖ್ಖನ್ನಿಗೆ ಬಂದು ಅಹಮದನಗರದ ನಿಜಾಮಶಾಹಿಗೆ ಪೇಶ್ವಾ ಆದವನು. ನಡುವೆ ಕೆಲಕಾಲ ಬಿಜಾಪುರದ ಆದಿಲಶಾಹಿಯ ಚಾಕರಿಯಲ್ಲೂ ಇದ್ದ. ಮೊಘಲರನ್ನು ಎಡೆಬಿಡದೆ ಕಾಡಿದ. ಪಠ್ಯಪುಸ್ತಕದಲ್ಲಿ ಅವನ ಗೆರಿಲ್ಲಾ ಯುದ್ಧಕ್ಕೆ ಒಂದು ಸಾಲು ಸಿಗುತ್ತದೆ, ಅವನು ತಂದ ನೀರಿಗೆ ಅದೂ ಇಲ್ಲ. ವರ್ಷಗಟ್ಟಲೆ ಅದೇ ಪುಸ್ತಕದಿಂದ ಪಾಠ ಹೇಳಿದ ನನಗೆ ಇದು ಅನ್ಯಾಯವೆಂದೇ ಅನಿಸುತ್ತದೆ.

ಆ ನೀರಿನ ಹೆಸರು ನಹರ್-ಎ-ಅಂಬರಿ. ಊರಿನ ಉತ್ತರಕ್ಕೆ ಹರ್ಸೂಲ್ ಕಡೆಯ ಗುಡ್ಡಗಳ ಬುಡದಲ್ಲಿ ನೆಲದೊಳಗೆ ಜಿನುಗುವ ನೀರನ್ನು ಹಿಡಿದು, ಗಾರೆಯ ಸುರಂಗದಲ್ಲಿ ಸಣ್ಣ ಇಳಿಜಾರು ಕೊಟ್ಟು ಊರಿಗೆ ಹರಿಸಿದರು. ಹೂಳೆತ್ತಲು ಮೇಲಿಂದ ಇಳಿಯುವ ಬಾವಿಗಳು. ಎತ್ತೂ ಇಲ್ಲ, ಏತವೂ ಇಲ್ಲ. ನೀರು ತನ್ನ ಭಾರಕ್ಕೆ ತಾನೇ ಬರುತ್ತಿತ್ತು. ಊರಿನ ಹೆಸರು ಖಡಕಿ ಹೋಗಿ ಫತೇನಗರ ಆಯಿತು, 1653ರ ಹೊತ್ತಿಗೆ ಔರಂಗಾಬಾದ್ ಆಯಿತು, ಈಗ ಸಂಭಾಜಿನಗರ. ಅಂಬರ್‌ನ ಶತ್ರುಗಳಾಗಿದ್ದ ಮೊಘಲರೂ ಇದೇ ನೀರು ಕುಡಿದರು. ಆಮೇಲೆ ಬಂದವರು ಅದೇ ಮಾದರಿಯಲ್ಲಿ ಇನ್ನಷ್ಟು ನಹರ್ ತೋಡಿಸಿದರು.

ಖಾಮ್ ದಂಡೆಯ ಪನ್‌ಚಕ್ಕಿಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಬಾಬಾ ಶಾಹ ಮುಸಾಫಿರರ ದರ್ಗಾಕ್ಕೆ ಸೇರಿದ್ದು, 18ನೇ ಶತಮಾನದ್ದು. ಮೈಲುಗಟ್ಟಲೆ ದೂರದ ಚಿಲುಮೆಯಿಂದ ಮಣ್ಣಿನ ಕೊಳವೆಯಲ್ಲಿ ಬಂದ ನೀರು ಗೋಡೆಯ ಮೇಲಿಂದ ಹೊಂಡಕ್ಕೆ ಧುಮುಕುತ್ತದೆ. ಆ ನೀರಿನ ಬಲದಿಂದ ಚಕ್ರ ತಿರುಗಿ, ಮೇಲಿನ ಬೀಸುಕಲ್ಲು ತಿರುಗಿ, ಫಕೀರರಿಗೂ ಯಾತ್ರಿಕರಿಗೂ ಹಿಟ್ಟು ಸಿಗುತ್ತಿತ್ತು. ಹೊಂಡದ ತಳವೇ ಕೆಳಗಿನ ದೊಡ್ಡ ಕೋಣೆಗೆ ಚಾವಣಿ, ಬೇಸಿಗೆಯಲ್ಲಿ ಜನ ತಂಪಿಗೆ ಕೂರುತ್ತಿದ್ದುದು ಅಲ್ಲಿ.

ನಮ್ಮವರು ಹೊಂಡದ ಕಟ್ಟೆ ಬಿಟ್ಟು ಏಳಲಿಲ್ಲ. “ಮೋಟರ್ ಇಲ್ಲದ ನೀರು ಇಷ್ಟು ಮ್ಯಾಲೆ ಹ್ಯಾಂಗ ಏರತದ, ಹೇಳು ನೋಡಮಿ” ಅಂದರು.

“ನೀವೇ ಹೇಳ್ರಿ, ಇಂಜಿನಿಯರು ನೀವಲ್ಲೇನ್ರಿ?” ಅಂದೆ.

ಚಿಲುಮೆ ಇದಕ್ಕಿಂತ ಎತ್ತರದಲ್ಲಿದೆ, ಮುಚ್ಚಿದ ಕೊಳವೆಯಲ್ಲಿ ನೀರು ತನ್ನ ಮಟ್ಟ ಹುಡುಕಿ ಮೇಲೇರುತ್ತದೆ ಎಂದು ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದರು. ಆದರೆ ಒತ್ತಡ ಹೆಚ್ಚಾದರೆ ಮಣ್ಣಿನ ಕೊಳವೆ ಒಡೆಯುತ್ತದೆ, ಗಾಳಿ ಸಿಕ್ಕಿಕೊಂಡರೆ ನೀರು ನಿಲ್ಲುತ್ತದೆ. ಅದಕ್ಕೇ ದಾರಿಯಲ್ಲಿ ಗೋಪುರಗಳು. ನೀರು ಅವುಗಳೊಳಗೆ ಏರಿ, ಒತ್ತಡವನ್ನೂ ಗಾಳಿಯನ್ನೂ ಕಳೆದುಕೊಂಡು ಮತ್ತೆ ಇಳಿಯುತ್ತದೆ. ವಿಜಯಪುರದಲ್ಲಿ ಗಂಜ್ ಎಂದು ಕರೆಯುವ ಗೋಪುರಗಳೂ ಇದೇ ಕೆಲಸದವು. ನಮ್ಮ ಬೀದರ್‌ನ ನೌಬಾದಿನ ಸುರಂಗ ಬಾವಿ ಇವಕ್ಕೆಲ್ಲ ಹಿರಿಯದು, ಬಹಮನಿಗಳ ಕಾಲದ್ದು. ಜಂಬಿಟ್ಟಿಗೆ ಕಲ್ಲಿನೊಳಗೆ ಇಳಿದ ಮಳೆನೀರು ಕೆಳಗಿನ ಕರಿಕಲ್ಲಿಗೆ ತಡೆದು ನಿಲ್ಲುವ ಜಾಗ ಹುಡುಕಿ ತೋಡಿದ್ದು.

ಬೀದರ್ ಮತ್ತು ಔರಂಗಾಬಾದ್ 1956ರ ತನಕ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಸೆಪ್ಟೆಂಬರ್ 17ರ ವಿಮೋಚನೆಯ ದಿನವನ್ನು ಈಗಲೂ ಎರಡೂ ಕಡೆ ಆಚರಿಸುತ್ತಾರೆ. ಉರ್ದು ಶಾಲೆಯಲ್ಲಿ ಓದಿದ್ದ ನಮ್ಮ ಮಾವನವರಿಗೆ ಔರಂಗಾಬಾದ್ ಪರವೂರು ಅನಿಸುತ್ತಲೇ ಇರಲಿಲ್ಲ.

ಇಂದು ಸಂಭಾಜಿನಗರಕ್ಕೆ ನೀರು ಬರುವುದು ಪೈಠಣದ ಜಾಯಕವಾಡಿ ಜಲಾಶಯದಿಂದ, ಪಂಪಿನಿಂದ ಎತ್ತಿ. ನಾಸಿಕದಿಂದ ಇಳಿದು ಬಂದ ಅದೇ ಗೋದಾವರಿ. ಮಳೆ ಕಡಿಮೆಯಾದ ವರ್ಷ ಮೇಲಿನ ಅಣೆಕಟ್ಟುಗಳಿಂದ ಎಷ್ಟು ಬಿಡಬೇಕೆಂದು ನಾಸಿಕಕ್ಕೂ ಮರಾಠವಾಡಕ್ಕೂ ಜಗಳ ಏಳುತ್ತದೆ, ಕೋರ್ಟಿಗೂ ಹೋಗಿದೆ. ಕಾವೇರಿ ಜಗಳ ಕಂಡ ನಮಗೆ ಬಿಡಿಸಿ ಹೇಳಬೇಕಿಲ್ಲ. ಇತ್ತ ನಹರುಗಳ ಮೇಲೆ ಮನೆ, ರಸ್ತೆ ಬಂದಿವೆ, ಎಷ್ಟೋ ಕಡೆ ಒಡೆದಿವೆ. ಉಳಿದಷ್ಟನ್ನು ಹೂಳೆತ್ತಿ ಕಾಯ್ದುಕೊಳ್ಳುವುದು ಆಗದ ಕೆಲಸವೇನಲ್ಲ. ನೌಬಾದಿನಲ್ಲಿ ಮಣ್ಣು ತುಂಬಿದ್ದ ಬಾವಿಗಳನ್ನು ತೆರೆದದ್ದನ್ನು ನಾವೇ ನೋಡಿದ್ದೇವೆ. ನಮ್ಮ ಕಡೆಯಿಂದ ಹೋಗುವವರು ಮೊದಲು ನೌಬಾದನ್ನು ನೋಡಿಕೊಳ್ಳಲಿ, ಆಮೇಲೆ ಪನ್‌ಚಕ್ಕಿಗೆ ಹೋಗಲಿ. ಅರ್ಧ ದಿನವಾದರೂ ಬೇಕು.