ಸ್ಕೇಗನ್: ಕಷ್ಟದ ಕಡಲತೀರ ಪ್ರವಾಸಿ ತಾಣವಾದ ಬಗೆ

ಡೆನ್ಮಾರ್ಕಿನ ಜಟ್ಲೆಂಡ್ ಪರ್ಯಾಯದ್ವೀಪ ಉತ್ತರಕ್ಕೆ ಹೋದಂತೆಲ್ಲ ಕಿರಿದಾಗುತ್ತ, ಕೊನೆಗೆ ಬರೀ ಮರಳಿನ ನಾಲಿಗೆಯಾಗಿ ಕಡಲಿಗೆ ಚಾಚಿಕೊಳ್ಳುತ್ತದೆ. ಆ ನಾಲಿಗೆಯ ಮೇಲಿರುವ ಊರು ಸ್ಕೇಗನ್. ಎಂಟು ಸಾವಿರದೊಳಗಿನ ಜನಸಂಖ್ಯೆಯ ಈ ಪುಟ್ಟ ಊರಿಗೆ ಬೇಸಿಗೆಯಲ್ಲಿ ಊರಿನ ಜನರಿಗಿಂತ ಎಷ್ಟೋ ಪಾಲು ಹೆಚ್ಚು ಪ್ರವಾಸಿಗರು ಬರುತ್ತಾರೆ. ನೋಡಲು ಅಲ್ಲಿ ಏನೇನಿದೆ? ಸ್ಕಾಗೆರಾಕ್ ಮತ್ತು ಕಟ್ಟೆಗಾಟ್ ಎಂಬ ಎರಡು ಕಡಲುಗಳು ಎದುರುಬದುರಾಗಿ ಬಂದು ಅಪ್ಪಳಿಸುವ ಗ್ರೇನೆನ್ ಎಂಬ ತುದಿ, ಮರಳಿನಲ್ಲಿ ಹೂತ ಚರ್ಚಿನ ಬಿಳಿ ಗೋಪುರ, ವರ್ಷವರ್ಷವೂ ಜಾಗ ಬದಲಿಸುವ ಮರಳುದಿಬ್ಬ, ನಾಲ್ಕು ಶತಮಾನಗಳ ಕಥೆ ಹೇಳುವ ದೀಪಸ್ತಂಭಗಳು, ಒಂದು ಚಿತ್ರಕಲಾ ಮ್ಯೂಸಿಯಂ. ಇವೆಲ್ಲ ಪ್ರಕೃತಿ ಕೊಟ್ಟ ವರ, ಬೆಳಕು ಮತ್ತು ಕಡಲು ಕೂಡಿ ಮಾಡಿದ ಸೊಬಗು ಎಂದೇ ಪ್ರವಾಸಿ ಬರಹಗಳು ವರ್ಣಿಸುತ್ತವೆ. ಚರಿತ್ರೆ ಹೇಳುವುದು ಬೇರೆ. ಇಂದು ಜನ ಸಾಲುಗಟ್ಟಿ ನೋಡುವ ಇವುಗಳಲ್ಲಿ ಹೆಚ್ಚಿನವು ಒಂದು ಕಾಲಕ್ಕೆ ಅಲ್ಲಿನವರ ಬದುಕನ್ನು ಕಿತ್ತುಕೊಂಡವು, ಇಲ್ಲವೇ ಆ ಹೊಡೆತವನ್ನು ತಡೆಯಲು ಮನುಷ್ಯರು ಕಟ್ಟಿದವು. ಅವು ನೋಡತಕ್ಕ ತಾಣಗಳಾದದ್ದು ದುಡಿಮೆಯಿಂದ ಮತ್ತು ತಿಳಿದೂ ತಿಳಿದೂ ಕೈಗೊಂಡ ತೀರ್ಮಾನಗಳಿಂದ.

ಮೊದಲು ಚರ್ಚನ್ನೇ ನೋಡೋಣ. ಸಂತ ಲಾರೆನ್ಸನ ಹೆಸರಿನ ಈ ಇಟ್ಟಿಗೆಯ ಚರ್ಚು ಎದ್ದದ್ದು ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ. 1413ರಲ್ಲಿ ಸ್ಕೇಗನ್‌ಗೆ ಪಟ್ಟಣದ ಹಕ್ಕು ಸಿಕ್ಕಿತು. ಮೀನಿನ ವ್ಯಾಪಾರದಿಂದ ಊರು ಚೆನ್ನಾಗಿದ್ದ ದಿನಗಳವು. ಅಷ್ಟು ದೊಡ್ಡ ಚರ್ಚು ಕಟ್ಟುವ ಶಕ್ತಿ ಊರಿಗಿತ್ತು. ಆಮೇಲೆ ಗಾಳಿ ಮರಳನ್ನು ಹೊತ್ತು ತಂದಿತು. ಹೊಲ ಹೋಯಿತು, ಹುಲ್ಲುಗಾವಲು ಹೋಯಿತು. ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ ಭಾನುವಾರದ ಪ್ರಾರ್ಥನೆಗೆ ಬಂದವರು ಬಾಗಿಲಿಗೆ ಅಡ್ಡ ಬಿದ್ದ ಮರಳನ್ನು ಮೊದಲು ತೋಡಿ ತೆಗೆದು ಆಮೇಲೆ ಒಳಗೆ ಹೋಗಬೇಕಾಗುತ್ತಿತ್ತು. ಕಡೆಗೆ 1795ರಲ್ಲಿ ರಾಜಾಜ್ಞೆಯಂತೆ ಚರ್ಚನ್ನು ಮುಚ್ಚಲಾಯಿತು. ಕೆಲವು ವರ್ಷಗಳ ನಂತರ ಕಟ್ಟಡವನ್ನು ಕೆಡವಿದರು, ಗೋಪುರವನ್ನು ಮಾತ್ರ ಬಿಟ್ಟರು. ಬಿಟ್ಟದ್ದು ಅಂದಕ್ಕಾಗಿ ಅಲ್ಲ, ಭಕ್ತಿಗಾಗಿಯೂ ಅಲ್ಲ. ಕಡಲಿನಲ್ಲಿ ಹಾದುಹೋಗುವ ಹಡಗಿನವರಿಗೆ ದಿಕ್ಕು ತಿಳಿಯಲು ಅದೊಂದು ಗುರುತು ಬೇಕಾಗಿತ್ತು. ಊರಿಗೆ ಹೊಸ ಚರ್ಚು ಬಂದದ್ದು 1841ರಲ್ಲಿ. ಇಂದು ಫೋಟೊಗಳಲ್ಲಿ ಕಾಣುವ ಆ ಒಂಟಿ ಬಿಳಿ ಗೋಪುರ ಊರವರು ಸೋತ ಒಂದು ಹೋರಾಟದ ಕುರುಹು. ಅದು ಉಳಿದಿರುವುದಕ್ಕೆ ಹಡಗಿನವರ ಅಗತ್ಯವೇ ಕಾರಣ.

ಮರಳು ಬಂದದ್ದು ಗಾಳಿಯಿಂದ, ಅದರಲ್ಲಿ ಮನುಷ್ಯರ ಪಾತ್ರವೇನು ಎಂದು ಕೇಳಬಹುದು. ಗಾಳಿಯ ಪಾಲು ದೊಡ್ಡದೇ, ಅನುಮಾನವಿಲ್ಲ. ಆದರೆ ಗಾಳಿ ಎತ್ತಬೇಕಾದರೆ ಮರಳು ಬತ್ತಲಾಗಿರಬೇಕು. ಕಡಲತೀರದ ದಿಬ್ಬಗಳನ್ನು ಹಿಡಿದಿಡುವುದು ಅಲ್ಲಿ ಬೆಳೆಯುವ ಗಡಸು ಹುಲ್ಲಿನ ಬೇರು. ಬಡತನದ ಊರಿನಲ್ಲಿ ದನಕುರಿಗಳು ಅದನ್ನೇ ಮೇಯುತ್ತಿದ್ದವು, ಜನ ಅದನ್ನೇ ಕೊಯ್ದು ಮನೆಗೆ ಬಳಸುತ್ತಿದ್ದರು, ಇದ್ದ ಅಲ್ಪಸ್ವಲ್ಪ ಮರಗಿಡ ಒಲೆಗೆ ಹೋಗುತ್ತಿತ್ತು. ಆಳುವವರಿಗೆ ಇದು ಗೊತ್ತಿತ್ತು. ಹದಿನಾರನೆಯ ಶತಮಾನದಲ್ಲೇ, 1539ರಲ್ಲಿ, ದೊರೆ ಮೂರನೆಯ ಕ್ರಿಶ್ಚಿಯನ್ ಮರಳು ಹಿಡಿಯುವ ಗಿಡಗಳನ್ನು ಕೀಳಬಾರದೆಂದು ಆಜ್ಞೆ ಹೊರಡಿಸಿದ. 1792ರಲ್ಲಿ ಮರಳಿನ ಹಾವಳಿ ತಡೆಯಲು ಇಡೀ ರಾಜ್ಯಕ್ಕೆ ಅನ್ವಯಿಸುವ ಕಾನೂನು ಬಂತು. ಅಲ್ಲಿಂದ ಮುಂದೆ ತಲೆಮಾರುಗಟ್ಟಲೆ ಹುಲ್ಲು ನೆಟ್ಟರು, ಗಾಳಿಗೆ ಬಗ್ಗಿ ನಿಲ್ಲುವ ಗುಡ್ಡಗಾಡಿನ ಪೈನ್ ಮರಗಳನ್ನು ನೆಟ್ಟರು. ಇಂದು ಸ್ಕೇಗನ್ ಸುತ್ತ ಪ್ರವಾಸಿಗರು ಸೈಕಲ್ ತುಳಿಯುವ ಆ ಹಸಿರು ತೋಪುಗಳಲ್ಲಿ ತಾನಾಗಿ ಬೆಳೆದದ್ದಕ್ಕಿಂತ ಕೈಯಾರೆ ನೆಟ್ಟದ್ದೇ ಹೆಚ್ಚು.

ಈ ವಾದಕ್ಕೆ ಬಲವಾದ ಸಾಕ್ಷಿ ರೊಬ್ಯೆರ್ ಮೀಲೆ ಎಂಬ ಮರಳುದಿಬ್ಬ. ಊರಿನ ನೈಋತ್ಯಕ್ಕಿರುವ ಇದು ಸುಮಾರು ಒಂದು ಚದರ ಕಿಲೋಮೀಟರ್ ಹರಡಿದೆ, ಸಮುದ್ರಮಟ್ಟದಿಂದ ಸುಮಾರು 40 ಮೀಟರ್ ಎತ್ತರಕ್ಕೇರುತ್ತದೆ, ವರ್ಷಕ್ಕೆ ಹದಿನೈದು ಮೀಟರಿಗೂ ಹೆಚ್ಚು ಈಶಾನ್ಯಕ್ಕೆ ಸರಿಯುತ್ತದೆ. ಪಶ್ಚಿಮ ತೀರದಲ್ಲಿ ಹುಟ್ಟಿದ ದಿಬ್ಬ ಮೂರು ಶತಮಾನಗಳಲ್ಲಿ ಅಷ್ಟು ದೂರ ನಡೆದು ಬಂದಿದೆ. ತಾನು ಬಿಟ್ಟುಬಂದ ದಾರಿಯಲ್ಲಿ ತೇವ ತುಂಬಿದ ತಗ್ಗು ನೆಲವನ್ನು ಉಳಿಸಿದೆ. ನೋಡಿದವರಿಗೆ ಇದು ಯಾರ ಕೈಗೂ ಸಿಗದ ಪ್ರಕೃತಿಯ ಆಟದಂತೆ ಕಂಡೀತು. ಆದರೆ ಅಕ್ಕಪಕ್ಕದ ದಿಬ್ಬಗಳನ್ನೆಲ್ಲ ಹುಲ್ಲು ನೆಟ್ಟು ಕಟ್ಟಿಹಾಕಿದ ಸರ್ಕಾರವೇ ಸುಮಾರು 1900ರ ಹೊತ್ತಿಗೆ ಈ ಜಾಗವನ್ನು ಕೊಂಡು, ಇದೊಂದನ್ನು ತನ್ನ ಪಾಡಿಗೆ ಬಿಡಬೇಕೆಂದು ತೀರ್ಮಾನಿಸಿತು. ಮರಳಿನ ಹಾವಳಿ ಎಂದರೆ ಹೇಗಿರುತ್ತದೆ ಎಂಬುದನ್ನು ಮುಂದಿನವರು ಕಣ್ಣಾರೆ ನೋಡಲಿ ಎಂಬುದು ಅದರ ಉದ್ದೇಶ. ಹೀಗಾಗಿ ಆ ದಿಬ್ಬದ ಸ್ವಾತಂತ್ರ್ಯವೂ ಮನುಷ್ಯರು ಕೊಟ್ಟದ್ದೇ. ಉಳಿದ ಮರಳೆಲ್ಲ ಹಿಡಿತಕ್ಕೆ ಬಂದದ್ದರಿಂದಲೇ ಒಂದು ದಿಬ್ಬವನ್ನು ಭಯವಿಲ್ಲದೆ ನೋಡುವುದು ಸಾಧ್ಯವಾಯಿತು.

ದೀಪಗಳ ಕಥೆಯೂ ಇದಕ್ಕೆ ಹೊರತಲ್ಲ. ಬಾಲ್ಟಿಕ್ ಕಡಲಿಗೆ ಹೋಗಿಬರುವ ಹಡಗುಗಳು ಈ ತುದಿಯನ್ನು ಸುತ್ತಿಯೇ ಸಾಗಬೇಕಿತ್ತು. ಮುಂದೆ ಹೆಲ್ಸಿಂಗೋರ್ ಬಳಿಯ ಜಲಸಂಧಿಯಲ್ಲಿ ಡೆನ್ಮಾರ್ಕಿನ ದೊರೆ ಅವುಗಳಿಂದ ಸುಂಕ ವಸೂಲಿ ಮಾಡುತ್ತಿದ್ದ. ಹದಿನೈದನೆಯ ಶತಮಾನದಿಂದ 1857ರವರೆಗೆ ನಡೆದ ಈ ಸುಂಕ ಬೊಕ್ಕಸದ ದೊಡ್ಡ ಆಧಾರ. ಹಡಗು ಮುಳುಗಿದರೆ ಸುಂಕವೂ ಮುಳುಗಿದಂತೆ. 1560ರಲ್ಲಿ ಎರಡನೆಯ ಫ್ರೆಡರಿಕ್ ಸ್ಕೇಗನ್‌ನಲ್ಲಿ ದೀಪ ಹಚ್ಚಿಸಿದ್ದರ ಹಿಂದೆ ಈ ಲೆಕ್ಕಾಚಾರವಿತ್ತು. 1627ರಲ್ಲಿ ಬಂದದ್ದು ಹೊಸ ಬಗೆಯ ದೀಪ: ಬಾವಿಯಿಂದ ನೀರೆತ್ತುವ ನಮ್ಮ ಏತದ ಹಾಗೆ ಕಂಬದ ಮೇಲೆ ಉದ್ದನೆಯ ತೊಲೆ, ತೊಲೆಯ ತುದಿಗೆ ಕಬ್ಬಿಣದ ಬುಟ್ಟಿ, ಬುಟ್ಟಿಯಲ್ಲಿ ಉರಿಯುವ ಕಲ್ಲಿದ್ದಲು. ಕೆಳಗಿಳಿಸಿ ಇದ್ದಲು ತುಂಬುವುದು, ಮತ್ತೆ ಮೇಲೆತ್ತುವುದು, ಚಳಿ ಗಾಳಿಯಲ್ಲಿ ರಾತ್ರಿಯಿಡೀ ಇದೇ ಕೆಲಸ. 1747ರಲ್ಲಿ ಇಟ್ಟಿಗೆಯ ಬಿಳಿ ದೀಪಸ್ತಂಭ ಎದ್ದಿತು, 1858ರಲ್ಲಿ 46 ಮೀಟರಿನ ಬೂದು ದೀಪಸ್ತಂಭ. ಏತದ ದೀಪದ ಪ್ರತಿಕೃತಿಯೊಂದನ್ನು 1958ರಲ್ಲಿ ಊರಿನಲ್ಲಿ ನಿಲ್ಲಿಸಿದ್ದಾರೆ. ಬೂದು ಸ್ತಂಭದಲ್ಲಿ ಈಗ ವಲಸೆ ಹಕ್ಕಿಗಳನ್ನು ಕುರಿತ ಕೇಂದ್ರವಿದೆ. ದೀಪಗಳಿದ್ದರೂ ಹಡಗುಗಳು ಒಡೆಯುತ್ತಲೇ ಇದ್ದವು. 1862ರ ಡಿಸೆಂಬರ್ 27ರಂದು ಡಾಫ್ನೆ ಎಂಬ ಸ್ವೀಡನ್ನಿನ ಹಡಗು ಸಿಕ್ಕಿಹಾಕಿಕೊಂಡಾಗ ಅದರ ನಾವಿಕರನ್ನು ಉಳಿಸಲು ದೋಣಿ ಇಳಿಸಿದ ಊರಿನ ಎಂಟು ಮಂದಿ ಕಡಲಿನ ಪಾಲಾದರು.

ಇಷ್ಟೆಲ್ಲ ನಿಜವಿದ್ದರೂ ಸ್ಕೇಗನ್ ಪ್ರಸಿದ್ಧವಾದದ್ದು ಚಿತ್ರಕಾರರಿಂದಲ್ಲವೇ, ಅವರು ಬರದಿದ್ದರೆ ಈ ಮರಳನ್ನು ನೋಡಲು ಯಾರು ಬರುತ್ತಿದ್ದರು ಎಂಬ ಆಕ್ಷೇಪಕ್ಕೆ ತೂಕವಿದೆ. ಮೈಕೆಲ್ ಆಂಕರ್ 1874ರಲ್ಲಿ ಬಂದ, ಪಿ.ಎಸ್. ಕ್ರೋಯರ್ 1882ರಲ್ಲಿ ಬಂದ. ಅವರ ಬಳಗದ ದೊಡ್ಡ ಕಲಾವಿದೆ ಆನಾ ಆಂಕರ್ ಮಾತ್ರ ಅಲ್ಲಿಯೇ, ಬ್ರೊಂಡುಮ್ ಮನೆತನದ ವಸತಿಗೃಹದಲ್ಲಿ, 1859ರಲ್ಲಿ ಹುಟ್ಟಿದವಳು. ಆ ವಸತಿಗೃಹದ ಊಟದ ಕೋಣೆಯ ಗೋಡೆಗಳನ್ನು ಚಿತ್ರಕಾರರು ತಮ್ಮ ಚಿತ್ರಗಳಿಂದ ತುಂಬಿದರು. 1908ರಲ್ಲಿ ಸ್ಕೇಗನ್ ಮ್ಯೂಸಿಯಂ ಸ್ಥಾಪನೆಯಾದದ್ದೂ ಅಲ್ಲಿಯೇ. ಆದರೆ ಇವರು ಬಂದಾಗ ಕುಂಚಕ್ಕೆ ಸಿಕ್ಕ ವಸ್ತು ಯಾವುದು? 1879ರ ಸುಮಾರಿಗೆ ಆಂಕರ್ ಬರೆದ ಹೆಸರಾಂತ ಚಿತ್ರದಲ್ಲಿ ಬೆಸ್ತರು ದಡದಲ್ಲಿ ಗುಂಪಾಗಿ ನಿಂತು ಕಡಲಿನತ್ತ ನೋಡುತ್ತಿದ್ದಾರೆ. ದೋಣಿಯೊಂದು ತುದಿಯನ್ನು ದಾಟಿ ಬರುತ್ತದೋ ಇಲ್ಲವೋ ಎಂಬ ಆತಂಕ ಮುಖಗಳಲ್ಲಿದೆ. ದೋಣಿಯನ್ನು ಚಿತ್ರದಲ್ಲಿ ತೋರಿಸಿಯೇ ಇಲ್ಲ. 1896ರಲ್ಲಿ ಅವನು ಬರೆದದ್ದು ಮುಳುಗಿ ಸತ್ತ ಬೆಸ್ತನ ಚಿತ್ರ. ಚಿತ್ರಕಾರರು ಕೀರ್ತಿ ತಂದರು, ನಿಜ. ಆ ಕೀರ್ತಿಗೆ ಬಂಡವಾಳ ಒದಗಿಸಿದ್ದು ಬೆಸ್ತರ ಬದುಕು.

ಈ ಚಿತ್ರಗಳೇ ಇನ್ನೊಂದು ಬದಲಾವಣೆಗೂ ಸಾಕ್ಷಿ. 1890ರಲ್ಲಿ ಸ್ಕೇಗನ್‌ಗೆ ರೈಲು ಬಂತು. ಅದಕ್ಕೆ ಮೊದಲು ಮರಳಿನ ಮೇಲೆ ಗಾಡಿಯಲ್ಲಿ ಏಗಿ ಬರಬೇಕಿತ್ತು. ಮೂರೇ ವರ್ಷದಲ್ಲಿ, 1893ರಲ್ಲಿ, ಕ್ರೋಯರ್ ಬರೆದ ಬೇಸಿಗೆ ಸಂಜೆಯ ಚಿತ್ರದಲ್ಲಿ ತಿಳಿಬಣ್ಣದ ನೀಳ ಉಡುಪು ತೊಟ್ಟ ಇಬ್ಬರು ಹೆಂಗಸರು ನೀಲಿ ಬೆಳಕಿನಲ್ಲಿ ದಡದುದ್ದಕ್ಕೆ ನಡೆಯುತ್ತಿದ್ದಾರೆ. ಬಲೆಯಿಲ್ಲ, ದೋಣಿಯಿಲ್ಲ, ಬೆಸ್ತರಿಲ್ಲ. ದುಡಿಮೆಯ ದಡ ವಿಹಾರದ ದಡವಾದ ಗಳಿಗೆಯನ್ನು ಹಿಡಿದ ಚಿತ್ರವದು. ಇಂದಿನ ಪ್ರವಾಸಿಗರ ಮನಸ್ಸಿನಲ್ಲಿರುವುದು ಈ ಎರಡನೆಯ ಸ್ಕೇಗನ್. ಆದರೂ ಮೊದಲನೆಯದು ಅಳಿದಿಲ್ಲ. 1907ರಲ್ಲಿ ಬಂದರು ತೆರೆಯುವವರೆಗೆ ಬೆಸ್ತರು ದೋಣಿಗಳನ್ನು ಮರಳಿನ ಮೇಲೆಯೇ ಎಳೆದು ಹಾಕುತ್ತಿದ್ದರು. ಆ ಬಂದರಿನಿಂದಾಗಿ ಊರು ಈಗಲೂ ಡೆನ್ಮಾರ್ಕಿನ ಮುಖ್ಯ ಮೀನುಗಾರಿಕೆ ಕೇಂದ್ರಗಳಲ್ಲೊಂದು.

ರಜೆಗೆ ಬಂದವರಿಗೆ ಈ ಕಷ್ಟದ ಪುರಾಣವೆಲ್ಲ ಏಕೆ, ಚೆಂದವನ್ನು ಕಂಡು ಹೋದರೆ ಸಾಲದೇ ಎಂದರೆ, ಸಾಲದು ಎಂದೇ ನನ್ನ ಉತ್ತರ. ಪ್ರಕೃತಿಯೇ ಎಲ್ಲವನ್ನೂ ಕೊಟ್ಟಿತೆಂದು ನಂಬಿದವರಿಗೆ ಅದನ್ನು ಕಾಪಾಡುವ ದುಡಿಮೆ ಕಣ್ಣಿಗೆ ಬೀಳುವುದಿಲ್ಲ. ದಿಬ್ಬದ ಹುಲ್ಲು ತುಳಿಯಬೇಡಿ ಎಂಬ ಮಾತು ಅಂಥವರಿಗೆ ಕಿರುಕುಳವೆನಿಸುತ್ತದೆ. ಆದರೆ 1539ರ ಆಜ್ಞೆ ಹೇಳಿದ್ದೂ ಇದನ್ನೇ. ಸುಳಿಗಳ ಕಾರಣಕ್ಕೆ ಗ್ರೇನೆನ್ ತುದಿಯಲ್ಲಿ ಈಜುವುದನ್ನು ನಿಷೇಧಿಸಿರುವುದರ ಹಿಂದೆ ಎಷ್ಟು ಸಾವುಗಳ ಅನುಭವವಿದೆ ಎಂಬುದನ್ನು ಅವರು ಅರಿಯಲಾರರು. ಸ್ಕೇಗನ್‌ಗೆ ಹೋಗುವ ಅವಕಾಶ ಸಿಕ್ಕವರು ಎರಡು ಕಡಲು ಕೂಡುವಲ್ಲಿ ಖಂಡಿತ ನಿಲ್ಲಲಿ, ಕ್ರೋಯರನ ನೀಲಿಯನ್ನು ಕಣ್ತುಂಬ ನೋಡಲಿ. ಜೊತೆಗೆ ಬೆಸ್ತರ ಹಳೆಯ ಮನೆಗಳನ್ನು ಉಳಿಸಿಕೊಂಡಿರುವ ಊರಿನ ಮ್ಯೂಸಿಯಂಗೂ ಅರ್ಧ ದಿನ ಕೊಡಲಿ. ಉಳಿದ ತಾಣಗಳೆಲ್ಲ ಯಾರ ದುಡಿಮೆಯ ಮೇಲೆ ನಿಂತಿವೆ ಎಂಬುದು ಅಲ್ಲಿ ತಿಳಿಯುತ್ತದೆ.